ಅಡ್ಡಾದಿಡ್ಡಿ ಹಾಲ್‌ನಲ್ಲಿ ಒಳ್ಳೆಯ ಧ್ವನಿ: ಹೊಸ ಸ್ಪೀಕರ್ ಕೊಳ್ಳುವ ಮುನ್ನ ಮಾಡಬೇಕಾದ ಕೆಲಸಗಳು

ತುಮಕೂರಿನ ಹೊಸ ಬಡಾವಣೆಗಳಲ್ಲಿ 30–40ರ ನಿವೇಶನದ ಮೇಲೆ ಎದ್ದಿರುವ ಮನೆಗಳ ಹಾಲ್ ಹೆಚ್ಚುಕಡಿಮೆ ಒಂದೇ ಅಚ್ಚಿನದು. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಪುಟ್ಟಿ ಎಳೆದು ನುಣುಪು ಮಾಡಿದ ಗಾರೆ, ಮೇಲೆ ಹತ್ತು ಅಡಿ ಎತ್ತರಕ್ಕೆ ಆರ್‌ಸಿಸಿ ಚಾವಣಿ. ಒಂದು ಮಗ್ಗುಲಿಗೆ ಪೂರ್ತಿ ಗೋಡೆ, ಇನ್ನೊಂದು ಮಗ್ಗುಲು ಊಟದ ಮೇಜಿಗೂ ಅಡುಗೆಮನೆಗೂ ತೆರೆದುಕೊಂಡಿರುತ್ತದೆ. ಮೂಲೆಯಲ್ಲಿ ಮಹಡಿಯ ಮೆಟ್ಟಿಲು, ಎದುರಿಗೆ ಗಾಜಿನ ಬಾಗಿಲಿನ ಷೋಕೇಸ್. ಟಿವಿ ಎಲ್ಲಿರಬೇಕೆಂಬುದನ್ನು ಎಲೆಕ್ಟ್ರಿಷಿಯನ್ ಕೊಟ್ಟ ಪಾಯಿಂಟ್ ತೀರ್ಮಾನಿಸಿರುತ್ತದೆ, ಸೋಫಾ ಎಲ್ಲಿರಬೇಕೆಂಬುದನ್ನು ಮುಂಬಾಗಿಲು. ಇಂಥ ಕಡೆ ಇಪ್ಪತ್ತು ಸಾವಿರದ ಸ್ಪೀಕರ್ ತಂದಿಟ್ಟವರದೂ ಲಕ್ಷದ ಜೋಡಿ ತಂದಿಟ್ಟವರದೂ ದೂರು ಮಾತ್ರ ಒಂದೇ ಆಗಿರುತ್ತದೆ: ಹಾಡಿನ ಸಾಹಿತ್ಯ ಸ್ಪಷ್ಟವಾಗಿ ಕೇಳುವುದಿಲ್ಲ, ಬೇಸ್ ಗುಂಯ್ಯೆನ್ನುತ್ತದೆ, ಸ್ವಲ್ಪ ಜೋರು ಮಾಡಿದರೆ ಕಿವಿಗೆ ಚುಚ್ಚುತ್ತದೆ.

ಈ ಮೂರು ದೂರುಗಳಲ್ಲಿ ಹೆಚ್ಚಿನ ಪಾಲು ಕೋಣೆಯದು, ಸ್ಪೀಕರಿನದಲ್ಲ. ಆದ್ದರಿಂದ ಕೆಲಸದ ಕ್ರಮವೂ ಅದಕ್ಕೆ ತಕ್ಕಂತೆ ಇರಬೇಕು: ಕಾಸು ಖರ್ಚಾಗದ ಬದಲಾವಣೆಗಳು ಮೊದಲು, ಬಟ್ಟೆ ಮತ್ತು ನಾರಿನ ಕೆಲಸ ಅದಾದ ಮೇಲೆ, ಅಳತೆ ಮತ್ತು ಈಕ್ವಲೈಜರ್ (ಬೇರೆಬೇರೆ ಸ್ವರಗಳ ಮಟ್ಟವನ್ನು ಏರಿಳಿಸುವ ಸಾಧನ) ಆನಂತರ, ಹೊಸ ಪೆಟ್ಟಿಗೆ ಕೊನೆಗೆ. ಈ ಕ್ರಮವನ್ನು ತಿರುವುಮುರುವು ಮಾಡಬಾರದು, ಏಕೆಂದರೆ ಸ್ಪೀಕರನ್ನು ಒಂದು ಅಡಿ ಮುಂದಕ್ಕೆ ಎಳೆದರೆ ಹಿಂದೆ ಮಾಡಿದ ಈಕ್ವಲೈಜರಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಹಂತ 1: ಕೋಣೆ ಏನು ಮಾಡುತ್ತಿದೆ ಎಂದು ಕೇಳಿಸಿಕೊಳ್ಳಿ

ಟಿವಿ, ಫ್ಯಾನ್ ಎರಡನ್ನೂ ನಿಲ್ಲಿಸಿ, ಹಾಲ್‌ನ ನಡುವೆ ನಿಂತು ಒಂದು ಗಟ್ಟಿ ಚಪ್ಪಾಳೆ ಹೊಡೆಯಿರಿ. ಚಪ್ಪಾಳೆಯ ಹಿಂದೆಯೇ ತಂತಿ ಮೀಟಿದಂತೆ ‘ಝಿಂಯ್’ ಎಂಬ ಬಾಲ ಕೇಳಿಸಿದರೆ, ಎದುರುಬದುರಾಗಿರುವ ಎರಡು ಬರಿಗೋಡೆಗಳ ನಡುವೆ ಧ್ವನಿ ಪುಟಿಯುತ್ತಿದೆ ಎಂದು ಅರ್ಥ. ಹಾಲ್‌ನ ಬೇರೆ ಬೇರೆ ಕಡೆ ನಿಂತು ಚಪ್ಪಾಳೆ ಹೊಡೆದರೆ ಯಾವ ಜೋಡಿ ಗೋಡೆಗಳ ಕೆಲಸ ಇದು ಎಂಬುದೂ ತಿಳಿಯುತ್ತದೆ.

ಆಮೇಲೆ ನಿಮಗೆ ಬಾಯಿಪಾಠವಾಗಿರುವ ಎರಡು ಮೂರು ಧ್ವನಿಮುದ್ರಣಗಳನ್ನು ಆರಿಸಿಕೊಳ್ಳಿ. ಒಂದರಲ್ಲಿ ಬರೀ ಮಾತು ಇರಲಿ. ಆಕಾಶವಾಣಿಯ ವಾರ್ತೆಯಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಇನ್ನೊಂದರಲ್ಲಿ ತಂಬೂರಿಯೊಡನೆ ಒಂಟಿ ಕಂಠವಿರಲಿ. ಮೂರನೆಯದು ಮೃದಂಗದ ತನಿ ಆವರ್ತನವಾಗಲಿ. ಮೃದಂಗವನ್ನು ಹೇಳುವುದಕ್ಕೆ ಕಾರಣವಿದೆ. ಅದರ ಬಲಮುಖದ ನಡುವೆ ಕಪ್ಪು ಕರಣೆ ಇರುವುದರಿಂದಲೇ ಆ ಚರ್ಮದ ಉಪಸ್ವರಗಳು ಮೂಲಸ್ವರಕ್ಕೆ ಹೊಂದಿಕೊಂಡು ಬರುತ್ತವೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ ತೋರಿಸಿ, 1934ರಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಎಂದರೆ ಬಲಮುಖದ ಪೆಟ್ಟಿಗೆ ಖಚಿತವಾದ ಶ್ರುತಿಯಿದೆ. ರವೆಯ ಕಣಕ ಹಚ್ಚಿದ ಎಡಮುಖದ ಗುಮ್ಕಿಗೆ ಜಾರಿಕೊಂಡು ಹೋಗುವ ಆಳವಾದ ನಾದವಿದೆ. ಸರಿಯಾದ ಕೋಣೆಯಲ್ಲಿ ಒಂದೊಂದು ಗುಮ್ಕಿಯೂ ಬೇರೆಬೇರೆ ಉದ್ದಕ್ಕೆ, ಬೇರೆಬೇರೆ ಎತ್ತರಕ್ಕೆ ಜಾರುವುದು ಕೇಳಿಸುತ್ತದೆ. ಬೇಸ್ ತುಂಬಿ ನಿಲ್ಲುವ ಕೋಣೆಯಲ್ಲಿ ಎಲ್ಲ ಗುಮ್ಕಿಗಳೂ ಒಂದೇ ಸ್ವರಕ್ಕೆ ಬಂದು ಬೀಳುತ್ತವೆ, ಒಂದೇ ಉದ್ದಕ್ಕೆ ಎಳೆಯುತ್ತವೆ. ವಾದಕರು ಹಾಗೆ ನುಡಿಸಿರುವುದಿಲ್ಲ, ಆ ಸ್ವರ ನಿಮ್ಮ ಹಾಲ್‌ನದು.

ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುಂದಿನ ಪ್ರತಿ ಬದಲಾವಣೆಯ ನಂತರವೂ ಅದೇ ಮುದ್ರಣವನ್ನು ಅಷ್ಟೇ ವಾಲ್ಯೂಮಿನಲ್ಲಿ ಕೇಳಬೇಕು. ವಾಲ್ಯೂಮ್ ಸ್ವಲ್ಪ ಹೆಚ್ಚಿದ್ದರೂ ಕಿವಿ ಅದನ್ನೇ ‘ಚೆನ್ನಾಗಿದೆ’ ಎನ್ನುತ್ತದೆ.

ಹಂತ 2: ಟೇಪು ಹಿಡಿದು ಹಾಲ್ ಅಳೆಯಿರಿ

ಶಬ್ದವು ಸೆಕೆಂಡಿಗೆ ಸುಮಾರು 1130 ಅಡಿ ಸಾಗುತ್ತದೆ. ಎರಡು ಗೋಡೆಗಳ ನಡುವಿನ ಅಂತರವು ಒಂದು ಸ್ವರದ ಅಲೆಯುದ್ದದ ಅರ್ಧಕ್ಕೆ ಸರಿಹೊಂದಿದಾಗ ಆ ಸ್ವರದ ಅಲೆ ಗೋಡೆಗಳ ನಡುವೆ ನಿಂತುಬಿಡುತ್ತದೆ. ಲೆಕ್ಕ ಸುಲಭ: 565ನ್ನು ಅಡಿಯಲ್ಲಿರುವ ಅಳತೆಯಿಂದ ಭಾಗಿಸಿದರೆ ಆ ದಿಕ್ಕಿನ ಮೊದಲ ನಿಂತ ಅಲೆಯ ಕಂಪನಾಂಕ ಹರ್ಟ್ಸ್‌ನಲ್ಲಿ ಸಿಗುತ್ತದೆ, ಅದರ ಎರಡರಷ್ಟು, ಮೂರರಷ್ಟು ಕಂಪನಾಂಕಗಳಲ್ಲೂ ಇದೇ ಆಟ ಮುಂದುವರಿಯುತ್ತದೆ. 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲ್‌ಗೆ ಕ್ರಮವಾಗಿ 35, 47, 56 ಹರ್ಟ್ಸ್ ಬರುತ್ತವೆ. ಮೂರೂ ಬೇರೆಬೇರೆಯಾಗಿರುವುದರಿಂದ ಈ ಹಾಲ್ ಪರವಾಗಿಲ್ಲ. ಉದ್ದ 20, ಅಗಲ 10, ಎತ್ತರವೂ 10 ಆಗಿದ್ದರೆ ಕಥೆ ಬೇರೆ: ಅಗಲಕ್ಕೆ 56, ಎತ್ತರಕ್ಕೆ 56, ಉದ್ದದ ಎರಡನೆಯ ಅಲೆಗೂ 56. ಮೂರು ದಿಕ್ಕುಗಳೂ ಸೇರಿ ಒಂದೇ ಸ್ವರವನ್ನು ಎತ್ತಿ ಹಿಡಿಯುವುದರಿಂದ ಎಂಥ ಸ್ಪೀಕರ್ ಇಟ್ಟರೂ ಅಲ್ಲಿ ಗುಡುಗಿದಂತಾಗುತ್ತದೆ. ಮನೆ ಕಟ್ಟುವ ಹಂತದಲ್ಲೇ ಇರುವವರು ಈ ಒಂದು ವಾಕ್ಯವನ್ನು ಮೇಸ್ತ್ರಿಗಲ್ಲದಿದ್ದರೂ ಇಂಜಿನಿಯರಿಗಾದರೂ ಓದಿ ಹೇಳುವುದು ಒಳ್ಳೆಯದು.

ಊಟದ ಜಾಗಕ್ಕೆ ತೆರೆದಿರುವ ಮಗ್ಗುಲನ್ನು ಎಲ್ಲರೂ ದೋಷವೆಂದು ಎಣಿಸುತ್ತಾರೆ. ಬೇಸ್ ಮಟ್ಟಿಗೆ ಅದು ದೋಷವಲ್ಲ. ಆ ದಿಕ್ಕಿನಲ್ಲಿ ಅಲೆ ನಿಲ್ಲಲು ಗಟ್ಟಿ ಗೋಡೆ ಇಲ್ಲದ ಕಾರಣ ಗುಂಗು ಕಡಿಮೆಯಾಗುತ್ತದೆ. ಅದರ ತೊಂದರೆ ಬೇರೆಯೇ ಬಗೆಯದು, ಅದು ಮುಂದಿನ ಹಂತದಲ್ಲಿ ಬರುತ್ತದೆ.

ಹಂತ 3: ಸ್ಪೀಕರ್ ಮತ್ತು ಸೋಫಾ ಸರಿಸಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದೇ, ಮತ್ತು ಇದಕ್ಕೆ ಇನ್ನೊಬ್ಬರ ಕೈ ಸಹಾಯ ಬಿಟ್ಟರೆ ಬೇರೇನೂ ಬೇಡ.

ಸೋಫಾದಿಂದ ಆರಂಭಿಸಿ. ನಿಂತ ಅಲೆಯ ಒತ್ತಡ ಗೋಡೆಗೆ ಅಂಟಿದ ಜಾಗದಲ್ಲಿ ಅತಿ ಹೆಚ್ಚು, ಹಾಲ್‌ನ ನಟ್ಟನಡುವೆ ಮೊದಲ ಅಲೆಯದು ಅತಿ ಕಡಿಮೆ. ಹೀಗಾಗಿ ಹಿಂದಿನ ಗೋಡೆಗೆ ತಲೆ ಒರಗಿಸಿ ಕೂತವರಿಗೆ ಬೇಸ್ ಉಬ್ಬರಿಸಿ ಕೇಳುತ್ತದೆ, ಸರಿಯಾಗಿ ನಡುವೆ ಕೂತವರಿಗೆ ಅತಿ ಕೆಳಗಿನ ಸ್ವರವೇ ಇಲ್ಲವಾಗುತ್ತದೆ. 16 ಅಡಿ ಉದ್ದದ ಹಾಲ್‌ನಲ್ಲಿ ಕಿವಿಯು ಹಿಂದಿನ ಗೋಡೆಯಿಂದ ಆರು ಅಡಿ ಈಚೆಗೆ ಬಂದರೆ ತುಂಬ ಒಳ್ಳೆಯದು ಎಂದು ಲೆಕ್ಕ ಹೇಳುತ್ತದೆ. ಆದರೆ ಅಲ್ಲಿ ಸೋಫಾ ಹಾಕಿದರೆ ಅಡುಗೆಮನೆಗೆ ಹೋಗುವವರು ಅದನ್ನು ದಾಟಿಕೊಂಡು ಹೋಗಬೇಕಾಗುತ್ತದೆ, ಮನೆಯಲ್ಲಿ ಒಪ್ಪುವವರು ಯಾರೂ ಇರುವುದಿಲ್ಲ. ಕನಿಷ್ಠ ಒಂದೂವರೆ ಅಡಿಯಾದರೂ ಮುಂದಕ್ಕೆ ಎಳೆಯಿರಿ. ಹಿಂದಿನ ಸಂದಿಯಲ್ಲಿ ಮಡಚುವ ಕುರ್ಚಿಗಳನ್ನೋ ಸುತ್ತಿಟ್ಟ ಚಾಪೆಗಳನ್ನೋ ಇರಿಸಿದರೆ ಜಾಗ ದಂಡವಾಯಿತೆಂಬ ಮಾತೂ ಬರುವುದಿಲ್ಲ.

ಸ್ಪೀಕರುಗಳ ನಡುವಿನ ಅಂತರವೂ ಪ್ರತಿ ಸ್ಪೀಕರಿನಿಂದ ನಿಮ್ಮ ತಲೆಗಿರುವ ಅಂತರವೂ ಸರಿಸುಮಾರು ಒಂದೇ ಆಗಿರಲಿ. ಏಳು ಅಡಿ ದೂರದಲ್ಲಿ ಕೂರುವವರಿಗೆ ಸ್ಪೀಕರುಗಳ ನಡುವೆ ಆರರಿಂದ ಏಳು ಅಡಿ ಸಾಕು. ಟ್ವೀಟರ್, ಎಂದರೆ ಪೆಟ್ಟಿಗೆಯ ಮೇಲ್ಭಾಗದ ಪುಟ್ಟ ಗುಮ್ಮಟ, ಕೂತವರ ಕಿವಿಯ ಎತ್ತರಕ್ಕೆ ಬರಬೇಕು. ಸಾಮಾನ್ಯ ಸೋಫಾದಲ್ಲಿ ಅದು ನೆಲದಿಂದ ಮೂರು ಅಡಿಯ ಆಸುಪಾಸು. ನಮ್ಮ ಕಡೆಯ ಟಿವಿ ಯೂನಿಟ್‌ಗಳು ಒಂದೂವರೆ ಅಡಿ ಎತ್ತರವಿರುವುದರಿಂದ ಅದರ ಮೇಲಿಟ್ಟ ಸಣ್ಣ ಸ್ಪೀಕರ್ ಮೊಣಕಾಲಿಗೆ ಹಾಡುತ್ತಿರುತ್ತದೆ. ಮುಂದಿನ ಅಂಚಿನ ಕೆಳಗೆ ರಬ್ಬರ್ ತುಂಡು ಕೊಟ್ಟು ಮೂತಿಯನ್ನು ಮೇಲಕ್ಕೆತ್ತಿ, ಇಲ್ಲವೇ ಬಡಗಿಯಿಂದ ಸರಳವಾದ ಮರದ ಸ್ಟ್ಯಾಂಡ್ ಮಾಡಿಸಿ. ಯೂನಿಟ್ ಮೇಲೆಯೇ ಇಡುವುದಾದರೆ ಸ್ಪೀಕರಿನ ಮುಖ ಹಲಗೆಯ ಅಂಚಿಗೆ ಸರಿಯಾಗಿ ಬರುವಂತೆ ಮುಂದಕ್ಕೆ ತನ್ನಿ. ಒಳಕ್ಕೆ ತಳ್ಳಿದರೆ ಮುಂದಿರುವ ಹಲಗೆಯೇ ಧ್ವನಿಯನ್ನು ಪುಟಿಸಿ ಮಾತನ್ನು ಮಸುಕು ಮಾಡುತ್ತದೆ. ಮುಚ್ಚಿದ ಗೂಡಿನೊಳಗೆ ಇಡುವುದು ಬೇಡವೇ ಬೇಡ.

ಈಗ ಹಿಂದಿನ ಗೋಡೆಯ ಲೆಕ್ಕ. ಸ್ಪೀಕರಿನಿಂದ ಹಿಂದಕ್ಕೆ ಹರಡಿದ ಕೆಳಸ್ವರವು ಗೋಡೆಗೆ ಬಡಿದು ಮರಳಿ ಬರುವಾಗ ಒಂದು ನಿರ್ದಿಷ್ಟ ಕಂಪನಾಂಕದಲ್ಲಿ ನೇರ ಧ್ವನಿಗೆ ವಿರುದ್ಧವಾಗಿ ನಿಂತು ಅದನ್ನು ಅಳಿಸುತ್ತದೆ. ಸ್ಪೀಕರಿನ ಮುಖದಿಂದ ಗೋಡೆಗಿರುವ ಅಡಿಗಳಿಂದ 282ನ್ನು ಭಾಗಿಸಿದರೆ ಆ ತಗ್ಗು ಎಲ್ಲಿದೆಯೆಂದು ತಿಳಿಯುತ್ತದೆ: ಎರಡು ಅಡಿಗೆ 141, ಮೂರು ಅಡಿಗೆ 94 ಹರ್ಟ್ಸ್. ಎರಡು ಅಡಿ ದೂರದಲ್ಲಿಟ್ಟಾಗ ಗಂಡಸರ ಕಂಠ ತೆಳ್ಳಗೆ ಕೇಳುವುದಕ್ಕೆ ಇದೇ ಕಾರಣವಾಗಿರಬಹುದು. ಸ್ಪೀಕರನ್ನು ಗೋಡೆಗೆ ಇನ್ನಷ್ಟು ಹತ್ತಿರ ಮಾಡಿದರೆ ತಗ್ಗು ಮೇಲಕ್ಕೆ ಸರಿದು ದುರ್ಬಲವಾಗುತ್ತದೆ, ಆದರೆ ಬೇಸ್ ಹೆಚ್ಚುತ್ತದೆ. ಮೂಲೆಗೆ ತಳ್ಳಿದರೆ ಇನ್ನೂ ಹೆಚ್ಚುತ್ತದೆ. ಸಣ್ಣ ಸ್ಪೀಕರಾದರೆ ಗೋಡೆಗೆ ಹತ್ತಿರವಿಟ್ಟು ಆ ಬೇಸನ್ನು ಲಾಭವಾಗಿಸಿಕೊಳ್ಳಬಹುದು. ದೊಡ್ಡ ಟವರ್ ಸ್ಪೀಕರಿಗೆ ಹಾಗೆ ಮಾಡಿದರೆ ಹಾಲ್ ತುಂಬ ಗುಂಗೇ ಉಳಿಯುತ್ತದೆ. ಅರ್ಧರ್ಧ ಅಡಿ ಸರಿಸುತ್ತ, ಪ್ರತಿ ಸಲವೂ ವಾರ್ತೆ ಮತ್ತು ಗುಮ್ಕಿ ಎರಡನ್ನೂ ಕೇಳುತ್ತ ಹೋಗಿ. ಸಿಕ್ಕ ಜಾಗಕ್ಕೆ ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಏಕೆಂದರೆ ನಾಳೆ ಬೆಳಿಗ್ಗೆ ಕಸ ಗುಡಿಸುವಾಗ ಅದು ಸರಿದೇ ಸರಿಯುತ್ತದೆ.

ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ತೆರಪು ಇರುವ ಹಾಲ್‌ನಲ್ಲಿ ಗಾಯಕರು ನಡುವೆ ನಿಲ್ಲದೆ ಗೋಡೆಯ ಕಡೆಗೆ ವಾಲುತ್ತಾರೆ. ಇದಕ್ಕೆ ಮೂರು ಮದ್ದುಗಳಿವೆ. ಎರಡೂ ಸ್ಪೀಕರುಗಳನ್ನು ಕೇಳುವವರ ಕಡೆಗೆ ಚೆನ್ನಾಗಿ ಒಳಮುಖ ಮಾಡಿದರೆ ಪಕ್ಕದ ಗೋಡೆಗೆ ಹೋಗುವ ಮೇಲಿನ ಸ್ವರಗಳು ಕಡಿಮೆಯಾಗುತ್ತವೆ. ಗೋಡೆಯ ಕಡೆಯ ಮೊದಲ ಪುಟಿತವನ್ನು ಮುಂದೆ ಹೇಳುವ ಹಲಗೆಯಿಂದ ಹೀರಿಸಬಹುದು. ಇಷ್ಟಾದರೂ ವಾಲು ಉಳಿದರೆ ಬ್ಯಾಲೆನ್ಸ್ ಗುಂಡಿಯನ್ನು ತೆರೆದ ಕಡೆಗೆ ಒಂದೆರಡು ಡೆಸಿಬೆಲ್ ತಿರುಗಿಸಿ. ಬ್ಯಾಲೆನ್ಸ್ ಗುಂಡಿ ಮುಟ್ಟುವುದನ್ನು ಕೆಲವರು ಅಪಚಾರವೆಂಬಂತೆ ಕಾಣುತ್ತಾರೆ. ಆ ಗುಂಡಿ ಇರುವುದೇ ಇಂಥ ಹಾಲ್‌ಗಳಿಗಾಗಿ.

ಹಂತ 4: ತಂತಿ ಮತ್ತು ವಿದ್ಯುತ್

ಸ್ಪೀಕರ್ ತಂತಿಯ ಕೆಂಪು–ಕಪ್ಪು ಒಂದು ಕಡೆ ಅದಲುಬದಲಾಗಿದ್ದರೆ ಬೇಸ್ ಮಾಯವಾಗಿ, ಕಂಠ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಂತಾಗುತ್ತದೆ. ತಂತಿಯ ಬಣ್ಣ ಅಳಿಸಿಹೋಗಿದ್ದರೆ ಆಂಪ್ಲಿಫೈಯರಿನ ಕಡೆಯ ತುದಿಗಳನ್ನು ಬಿಚ್ಚಿ, 1.5 ವೋಲ್ಟಿನ ಸಾಮಾನ್ಯ ಸೆಲ್ಲಿಗೆ ಒಂದು ಕ್ಷಣ ತಾಕಿಸಿ. ವೂಫರಿನ, ಎಂದರೆ ಪೆಟ್ಟಿಗೆಯಲ್ಲಿ ಕೆಳಸ್ವರ ನುಡಿಸುವ ದೊಡ್ಡ ಭಾಗದ, ಕೋನ್ ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಧನ ತುದಿಗೆ ತಾಕಿದ ತಂತಿಯೇ ಕೆಂಪು. ತಂತಿಯ ವಿಷಯದಲ್ಲಿ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ: ಐದಾರು ಮೀಟರಿನವರೆಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕಾಗುತ್ತದೆ, ಸಾವಿರಾರು ರೂಪಾಯಿಯ ತಂತಿ ಈ ಹಾಲ್‌ಗೆ ಏನನ್ನೂ ಕೊಡುವುದಿಲ್ಲ.

ಹಾಡಿಲ್ಲದಾಗಲೂ ಸ್ಪೀಕರಿನಿಂದ ಗುಂಯ್ ಎಂಬ ಶಬ್ದ ಬರುತ್ತಿದ್ದರೆ ಒಂದೊಂದೇ ತಂತಿ ಬಿಚ್ಚಿ ನೋಡಿ. ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಬಿಚ್ಚಿದೊಡನೆ ನಿಂತರೆ, ಎರಡು ಕಡೆಯಿಂದ ಅರ್ಥಿಂಗ್ ಸೇರಿ ಸುತ್ತು ಹಾಕಿಕೊಂಡಿದೆ ಎಂದು ತಿಳಿಯಿರಿ. ಟಿವಿ, ಬಾಕ್ಸ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಸಾಕೆಟ್ ಪಟ್ಟಿಯಿಂದ ಕೊಟ್ಟರೆ ಬಹಳ ಸಲ ಸರಿಹೋಗುತ್ತದೆ. ಅರ್ಥ್ ಪಿನ್ ಮುರಿದು ಹಾಕುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ, ಅದು ಜೀವಕ್ಕೆ ಅಪಾಯ. ಬೇಸಿಗೆಯಲ್ಲಿ ಮಾತ್ರ ಗುಂಗು ಹೆಚ್ಚುವುದಾದರೆ ಅರ್ಥಿಂಗ್ ಗುಂಡಿ ಒಣಗಿದೆಯೇ ಎಂದು ನೋಡಿ ನೀರು ಹಾಕಿಸಿ. ಇನ್ನು ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಮಾತ್ರ ಕರಕರ ಎನ್ನುವುದಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಕೊಡುಗೆ. ಸೈನ್ ವೇವ್ ಇನ್ವರ್ಟರಿಗೆ ಬದಲಾಯಿಸುವುದೊಂದೇ ಅದಕ್ಕೆ ಪರಿಹಾರ.

ಹಂತ 5: ಅದುರುವ ವಸ್ತುಗಳನ್ನು ಹಿಡಿಯಿರಿ

ಮೊಬೈಲಿನಲ್ಲಿ ಟೋನ್ ಜನರೇಟರ್ (ಬೇಕಾದ ಕಂಪನಾಂಕದ ಒಂದೇ ಸ್ವರ ನುಡಿಸುವ) ಆಪ್ ಹಾಕಿಕೊಂಡು, ಅದನ್ನು ಸ್ಪೀಕರಿಗೆ ಜೋಡಿಸಿ 30ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತ ಹೋದರೆ ಹಾಲ್‌ನ ಒಂದೊಂದು ವಸ್ತುವೂ ತನ್ನ ಸ್ವರ ಬಂದಾಗ ಅದುರುತ್ತದೆ. ಷೋಕೇಸಿನ ಜಾರುಗಾಜು, ಅದರೊಳಗಿನ ಸ್ಮರಣಿಕೆಗಳು, ಕಿಟಕಿಯ ಸಡಿಲ ಗಾಜು, ಟ್ಯೂಬ್‌ಲೈಟಿನ ಪಟ್ಟಿ, ಗೋಡೆಗೆ ತೂಗುಹಾಕಿದ ಫೋಟೋಗಳು ಸಾಮಾನ್ಯ ಅಪರಾಧಿಗಳು. ಫೋಟೋದ ಹಿಂದಿನ ಮೂಲೆಗಳಿಗೆ ಫೆಲ್ಟ್ ಚುಕ್ಕಿ, ಜಾರುಗಾಜಿನ ಕಾಲುವೆಗೆ ಫೆಲ್ಟ್ ಪಟ್ಟಿ, ಕಿಟಕಿಗೆ ಸಿಲಿಕೋನ್ ಹಾಕಿದರೆ ಕೆಲಸ ಮುಗಿಯಿತು. ಸ್ಪೀಕರ್ ಕೆಟ್ಟಿದೆಯೆಂದು ರಿಪೇರಿಗೆ ಹೊತ್ತೊಯ್ಯುವ ಮೊದಲು ಈ ಪರೀಕ್ಷೆ ಆಗಲೇಬೇಕು. ಟೋನ್ ಹಾಕುವಾಗ ವಾಲ್ಯೂಮ್ ತಗ್ಗಿಸಿಟ್ಟಿರಿ, ಒಂದೇ ಸ್ವರವನ್ನು ಜೋರಾಗಿ ಬಹಳ ಹೊತ್ತು ನುಡಿಸಿದರೆ ಸ್ಪೀಕರಿನ ಸುರುಳಿ ಸುಡಬಹುದು.

ಹಂತ 6: ಅನುರಣನ ಇಳಿಸಿ

ಶಬ್ದ ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಗುಂಗಿಗೆ ಅನುರಣನ ಎನ್ನುತ್ತಾರೆ. ಅದನ್ನು ಮೊದಲು ಲೆಕ್ಕಕ್ಕೆ ತಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಬೈನ್. ಮಾತು ಅರ್ಥವಾಗದಷ್ಟು ಮೊಳಗುತ್ತಿದ್ದ ಫಾಗ್ ಉಪನ್ಯಾಸ ಮಂದಿರವನ್ನು ಸರಿಪಡಿಸುವ ಹೊಣೆ 1895ರಲ್ಲಿ ಅವರ ಮೇಲೆ ಬಿದ್ದಾಗ, ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಎಷ್ಟು ಮೆತ್ತೆಗೆ ಎಷ್ಟು ಗುಂಗು ಇಳಿಯುತ್ತದೆಂದು ಅಳೆದರು. ಅವರ ಸೂತ್ರ ಇಂದಿಗೂ ಚಲಾವಣೆಯಲ್ಲಿದೆ: ಕೋಣೆಯ ಘನ ಅಡಿಗಳನ್ನು 0.049ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಧ್ವನಿ 60 ಡೆಸಿಬೆಲ್ ಇಳಿಯಲು ಬೇಕಾದ ಸೆಕೆಂಡುಗಳು ಸಿಗುತ್ತವೆ. ಹೀರಿಕೆಯ ಒಂದು ಮಾನವೆಂದರೆ ಒಂದು ಚದರ ಅಡಿಯ ತೆರೆದ ಕಿಟಕಿ.

ನಮ್ಮ 16–12–10ರ ಹಾಲ್‌ಗೆ ಇದನ್ನು ಹಾಕಿ ನೋಡೋಣ. ಘನ ಅಡಿ 1920; ಆರೂ ಮುಖಗಳ ವಿಸ್ತೀರ್ಣ 944 ಚದರ ಅಡಿ. ಗಾರೆ, ಟೈಲ್ಸ್, ಕಾಂಕ್ರೀಟ್ ಎಲ್ಲ ಸೇರಿ ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಮೂರು ಪಾಲು ಮಾತ್ರ ಹೀರುತ್ತವೆಂದು ಹಿಡಿದರೆ ಒಟ್ಟು ಹೀರಿಕೆ 28, ಅನುರಣನ ಮೂರು ಸೆಕೆಂಡು ದಾಟುತ್ತದೆ. ಗೃಹಪ್ರವೇಶಕ್ಕೆ ಮುಂಚೆ ಬರಿದಾದ ಹಾಲ್‌ನಲ್ಲಿ ಮಾತಾಡಿದ್ದು ಯಾಕೆ ಹಾಗೆ ಮೊಳಗುತ್ತಿತ್ತೆಂದು ಈಗ ತಿಳಿಯುತ್ತದೆ. ಸಂಗೀತವೂ ಮಾತೂ ಎರಡೂ ಹಿತವಾಗಿರಲು ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿಯಬೇಕು. ಅದಕ್ಕೆ ಸುಮಾರು 188 ಮಾನದ ಹೀರಿಕೆ ಬೇಕು. ಬಟ್ಟೆಯ ಸೋಫಾ ಸೆಟ್ಟು, ದಿವಾನ್, ಊಟದ ಕಡೆಯ ತೆರಪು, ಕೂತಿರುವ ಮನುಷ್ಯರು ಇವೆಲ್ಲ ಒಂದಷ್ಟನ್ನು ತುಂಬುತ್ತವೆ. ಒಬ್ಬ ವ್ಯಕ್ತಿಯೇ ನಾಲ್ಕೈದು ಚದರ ಅಡಿಯಷ್ಟು ಹೀರುತ್ತಾರೆ. ರೆಕ್ಸಿನ್ ಹೊದಿಸಿದ ಸೋಫಾ ಮೇಲಿನ ಸ್ವರಗಳನ್ನು ಬಟ್ಟೆಯ ಸೋಫಾದಷ್ಟು ಹೀರುವುದಿಲ್ಲ, ಅದಕ್ಕೊಂದು ದಪ್ಪ ಹೊದಿಕೆ ಇರಲಿ.

ಉಳಿದದ್ದನ್ನು ತುಂಬುವಾಗ ಎಲ್ಲಿ ಹಾಕಬೇಕೆಂಬುದು ಎಷ್ಟು ಹಾಕಬೇಕೆಂಬುದಕ್ಕಿಂತ ಮುಖ್ಯ. ನೀವು ಕೂರುವ ಜಾಗದಲ್ಲಿ ಕೂತುಕೊಳ್ಳಿ, ಮನೆಯವರೊಬ್ಬರು ಪಕ್ಕದ ಗೋಡೆಯ ಮೇಲೆ ಸಣ್ಣ ಕನ್ನಡಿಯನ್ನು ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರಿನ ಟ್ವೀಟರ್ ಕಂಡ ಜಾಗವೇ ಮೊದಲ ಪುಟಿತದ ಜಾಗ. ಪೆನ್ಸಿಲಿನಿಂದ ಗುರುತು ಮಾಡಿ. ಅಲ್ಲಿ, ಸೋಫಾದ ಹಿಂದಿನ ಗೋಡೆಯಲ್ಲಿ, ಸ್ಪೀಕರ್ ಮತ್ತು ಸೋಫಾ ನಡುವಿನ ನೆಲದಲ್ಲಿ ಹೀರುವ ವಸ್ತು ಬಂದರೆ ಉಳಿದ ಗೋಡೆಗಳನ್ನು ಹಾಗೆಯೇ ಬಿಡಬಹುದು.

ನೆಲಕ್ಕೆ ಜಮಖಾನ ಹಾಸಿದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಕಾಂಕ್ರೀಟಿನ ಮೇಲೆ ಹಾಸಿದ ದಪ್ಪ ಕಾರ್ಪೆಟ್ 4000 ಹರ್ಟ್ಸ್‌ನಲ್ಲಿ ನೂರಕ್ಕೆ 65 ಪಾಲು ಹೀರಿದರೆ, 125 ಹರ್ಟ್ಸ್‌ನಲ್ಲಿ ಹೀರುವುದು ಎರಡೇ ಪಾಲು. ಬರೀ ಕಾರ್ಪೆಟ್ ಮತ್ತು ಪರದೆ ತುಂಬಿದ ಹಾಲ್ ಮೇಲೆ ಮಂಕಾಗಿ, ಕೆಳಗೆ ಗುಂಯ್ಯೆನ್ನುತ್ತಲೇ ಉಳಿಯುವುದು ಇದರಿಂದಲೇ. ಹೀರಿಕೆಗೆ ದಪ್ಪ ಬೇಕು. ಶಿರಾ, ಪಾವಗಡದ ಕಡೆ ಸಿಗುವ ಕುರಿ ಉಣ್ಣೆಯ ಕಂಬಳಿಯನ್ನು ಎರಡು ಪದರ ಮಾಡಿ, ಗೋಡೆಯಿಂದ ಮೂರು ನಾಲ್ಕು ಅಂಗುಲ ಈಚೆಗೆ ಕೋಲಿನಿಂದ ಇಳಿಬಿಟ್ಟರೆ ಗೋಡೆಗೆ ಅಂಟಿಸಿದ್ದಕ್ಕಿಂತ ಹೆಚ್ಚು ಕೆಳಗಿನ ಸ್ವರದವರೆಗೆ ಕೆಲಸ ಮಾಡುತ್ತದೆ. ಹಿಂದಿನ ಗಾಳಿಯ ಸಂದಿಯೇ ದಪ್ಪದ ಕೆಲಸ ಮಾಡುತ್ತದೆ. ಪರದೆಯನ್ನು ಕಿಟಕಿಯ ಅಗಲದ ಎರಡರಷ್ಟು ಬಟ್ಟೆಯಿಂದ ಹೊಲಿಸಿ ನೆರಿಗೆ ಬೀಳುವಂತೆ ಹಾಕಿ. ಮೊಟ್ಟೆಯ ಟ್ರೇ ಅಂಟಿಸುವುದು ವ್ಯರ್ಥ. ಮುಳ್ಳುಮುಳ್ಳಾದ ತೆಳು ಫೋಮ್ ಕೂಡ ಮೇಲಿನ ಸ್ವರಗಳನ್ನಷ್ಟೇ ತಿನ್ನುತ್ತದೆ, ಜೊತೆಗೆ ಅದು ಬೇಗ ಹೊತ್ತಿಕೊಳ್ಳುವ ವಸ್ತು. ದೀಪ ಹಚ್ಚುವ ದೇವರ ಕೋಣೆಯ ಪಕ್ಕದ ಗೋಡೆಗೆ ಅದನ್ನು ಹಾಕಲೇಬಾರದು.

ಹೀರುವ ಹಲಗೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 50 ಮಿಲಿಮೀಟರ್ ದಪ್ಪದ, ಘನ ಮೀಟರಿಗೆ 48 ಕಿಲೋ ಸಾಂದ್ರತೆಯ ರಾಕ್‌ವೂಲ್ ಹಾಳೆ ಇನ್ಸುಲೇಷನ್ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ಹಾಳೆ ತಂದು ಅಳೆದ ಮೇಲೆಯೇ ಬಡಗಿಗೆ ಚೌಕಟ್ಟಿನ ಅಳತೆ ಕೊಡಿ. ಚೌಕಟ್ಟಿನ ಆಳ ನಾಲ್ಕು ಅಂಗುಲವಿದ್ದು, ಹಾಳೆ ಮುಂದಿನ ಅರ್ಧದಲ್ಲಿ ಕೂತು ಹಿಂದೆ ಎರಡು ಅಂಗುಲ ಗಾಳಿ ಉಳಿಯಲಿ. ಹಾಳೆ ಹಿಂದಕ್ಕೆ ಜಾರದಂತೆ ಅಡ್ಡಕ್ಕೆ ನೈಲಾನ್ ದಾರ ಕಟ್ಟಿ. ಕೈಗವಸು, ಮಾಸ್ಕ್ ಹಾಕಿಕೊಂಡೇ ಮುಟ್ಟಬೇಕು, ಅದರ ನಾರು ಚರ್ಮಕ್ಕೆ ತುರಿಕೆ ತರುತ್ತದೆ. ಇಡೀ ಹಾಳೆಯನ್ನು ಮೊದಲು ತೆಳುವಾದ ಬಟ್ಟೆಯಲ್ಲಿ ಸುತ್ತಿ, ಆಮೇಲೆ ಚೌಕಟ್ಟಿನ ಹಿಂದೆಮುಂದೆ ಖಾದಿಯನ್ನೋ ಕೈಮಗ್ಗದ ಹತ್ತಿ ಬಟ್ಟೆಯನ್ನೋ ಬಿಗಿಯಾಗಿ ಎಳೆದು ಗನ್ ಪಿನ್ ಹೊಡೆಯಿರಿ. ಬಟ್ಟೆಗೆ ಬಾಯಿಟ್ಟು ಊದಿದಾಗ ಆಚೆ ಹಿಡಿದ ಅಂಗೈಗೆ ಗಾಳಿ ತಾಕಿದರೆ ಆ ಬಟ್ಟೆ ಆಗುತ್ತದೆ, ತಾಕದಿದ್ದರೆ ಧ್ವನಿಯೂ ಒಳಹೋಗುವುದಿಲ್ಲ. ರಾಕ್‌ವೂಲ್ ಬೇಡವೆನ್ನುವವರಿಗೆ ತೆಂಗಿನ ನಾರು ಇದೆ; ತಿಪಟೂರಿನ ಸೀಮೆಯವರಿಗೆ ಅದೇನು ದುರ್ಲಭವಲ್ಲ. ಹಾಸಿಗೆಗೆ ಬಳಸುವ ರಬ್ಬರೀಕೃತ ನಾರಿನ ಹಾಳೆಯನ್ನು ಇದೇ ಚೌಕಟ್ಟಿನಲ್ಲಿ ಎರಡು ಪದರ ಕೂರಿಸಬಹುದು. ಅದು ರಾಕ್‌ವೂಲಿನಷ್ಟು ಕೆಳಗಿಳಿಯುವುದಿಲ್ಲ, ಆದರೆ ಮಾತಿನ ಸ್ಪಷ್ಟತೆಗೆ ಸಾಕಾಗುತ್ತದೆ ಮತ್ತು ಮಕ್ಕಳಿರುವ ಮನೆಯಲ್ಲಿ ನಿಶ್ಚಿಂತೆ.

ಒಂದು ಎಚ್ಚರಿಕೆ. ಈ ಹಲಗೆಗಳು ಹಾಲ್‌ನೊಳಗಿನ ಪುಟಿತವನ್ನು ಇಳಿಸುತ್ತವೆಯೇ ಹೊರತು ಪಕ್ಕದ ಮನೆಗೆ ಹೋಗುವ ಧ್ವನಿಯನ್ನು ತಡೆಯುವುದಿಲ್ಲ. ಅದಕ್ಕೆ ಬೇಕಾದದ್ದು ತೂಕದ ಗೋಡೆ ಮತ್ತು ಸಂದಿಯಿಲ್ಲದ ಬಾಗಿಲು.

ಹಂತ 7: ಸಬ್‌ವೂಫರ್ ಮತ್ತು ಈಕ್ವಲೈಜರ್

ಸಬ್‌ವೂಫರ್ (ಅತಿ ಕೆಳಗಿನ ಸ್ವರಗಳಿಗೆಂದೇ ಇರುವ ಪೆಟ್ಟಿಗೆ) ಇದ್ದವರು ಅದನ್ನು ತಾತ್ಕಾಲಿಕವಾಗಿ ಸೋಫಾದ ಮೇಲೆ, ತಾವು ಕೂರುವ ಜಾಗದಲ್ಲೇ ಇಟ್ಟು, ಬೇಸ್ ಇರುವ ಹಾಡೊಂದನ್ನು ಹಾಕಿ, ಗೋಡೆಯಂಚಿನಲ್ಲಿ ಮಂಡಿಯೂರಿಕೊಂಡು ಸುತ್ತಬೇಕು. ಬೇಸ್ ಸಮವಾಗಿ, ಸ್ವರ ಸ್ವರವಾಗಿ ಕೇಳಿಸಿದ ಜಾಗವೇ ಸಬ್‌ವೂಫರಿನ ಜಾಗ. ನೋಡುವವರಿಗೆ ನಗು ಬರುತ್ತದೆ, ಆದರೂ ಇದಕ್ಕಿಂತ ಅಗ್ಗದ, ನಂಬಿಕಸ್ಥ ವಿಧಾನವಿಲ್ಲ. ಕ್ರಾಸ್‌ಓವರನ್ನು, ಎಂದರೆ ಯಾವ ಕಂಪನಾಂಕದ ಕೆಳಗಿನ ಸ್ವರಗಳು ಸಬ್‌ವೂಫರಿಗೆ ಹೋಗಬೇಕೆಂಬ ಗಡಿಯನ್ನು, 80 ಹರ್ಟ್ಸ್‌ಗೆ ಇರಿಸಿ ಆರಂಭಿಸಿ. ಸಬ್‌ವೂಫರ್ ಎಲ್ಲಿದೆಯೆಂದು ಕಿವಿಗೆ ಗೊತ್ತಾಗುತ್ತಿದ್ದರೆ ಅದರ ಮಟ್ಟ ಹೆಚ್ಚಾಗಿದೆ.

ಇಷ್ಟೆಲ್ಲ ಆದ ಮೇಲೆ ಅಳತೆಗೆ ಬರಬಹುದು. ಯುಎಸ್‌ಬಿ ಅಳತೆ ಮೈಕ್ ಮತ್ತು ಉಚಿತವಾಗಿ ಸಿಗುವ ‘ರೂಮ್ ಇಕ್ಯೂ ವಿಝರ್ಡ್’ ತಂತ್ರಾಂಶವಿದ್ದರೆ ಹಾಲ್‌ನ ಉಬ್ಬುತಗ್ಗು ಪರದೆಯ ಮೇಲೆ ಕಾಣುತ್ತದೆ. ಮೊಬೈಲಿನ ಮೈಕ್ ಕೆಳಸ್ವರಗಳನ್ನು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಅದರ ಗೆರೆಯನ್ನು ನಂಬಿ ಬೇಸ್ ತಿದ್ದಬಾರದು. ಮೈಕ್ ಇಲ್ಲದವರು ಟೋನ್ ಜನರೇಟರಿನಲ್ಲಿ 30ರಿಂದ 200 ಹರ್ಟ್ಸ್‌ವರೆಗೆ ಐದೈದರಂತೆ ಏರಿಸಿ, ಯಾವುದು ಎದ್ದು ಕೇಳುತ್ತದೆಂದು ಬರೆದುಕೊಂಡು, ಎರಡನೆಯ ಹಂತದ ಲೆಕ್ಕದೊಡನೆ ಹೋಲಿಸಲಿ. 47 ಹರ್ಟ್ಸ್ ಎದ್ದಿದ್ದರೆ ಅದು 12 ಅಡಿಯ ಗೋಡೆಗಳ ಕೆಲಸ.

ತಿದ್ದುವಾಗ ಎರಡು ನಿಯಮಗಳನ್ನು ಮೀರಬೇಡಿ. ಉಬ್ಬುಗಳನ್ನು ಮಾತ್ರ ಇಳಿಸಿ, ತಗ್ಗುಗಳನ್ನು ತುಂಬಲು ಹೋಗಬೇಡಿ: ಪುಟಿದ ಅಲೆ ನೇರ ಅಲೆಯನ್ನು ಅಳಿಸಿ ಆಗಿರುವ ತಗ್ಗಿಗೆ ನೀವು ಎಷ್ಟು ಸುರಿದರೂ ಪುಟಿತವೂ ಅಷ್ಟೇ ಹೆಚ್ಚುತ್ತದೆ, ಆಂಪ್ಲಿಫೈಯರ್ ಬಿಸಿಯಾಗುವುದೊಂದೇ ಲಾಭ. ತಗ್ಗಿಗೆ ಮದ್ದು ಮೂರನೆಯ ಹಂತದಲ್ಲಿದೆ, ಸ್ಪೀಕರನ್ನೋ ಸೋಫಾವನ್ನೋ ಸರಿಸಬೇಕು. ಎರಡನೆಯದಾಗಿ, ಈ ಅಳತೆಯ ಹಾಲ್‌ನಲ್ಲಿ ಕೋಣೆಯ ಆಳ್ವಿಕೆ ನಡೆಯುವುದು ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ. ಕೋಣೆಗಾಗಿ ಮಾಡುವ ತಿದ್ದುಪಡಿ ಅಲ್ಲಿಗೆ ನಿಲ್ಲಲಿ. ಅದಕ್ಕಿಂತ ಮೇಲೆ ಗೆರೆ ನೆಟ್ಟಗಾಗಲೆಂದು ಹಟ ಹಿಡಿದು ತಿದ್ದಿದರೆ ಸ್ಪೀಕರಿನ ಸಹಜ ಕಂಠವೇ ಕೆಡುತ್ತದೆ.

ಸಣ್ಣ ವಾಲ್ಯೂಮಿನಲ್ಲಿ ಕೇಳುವಾಗ ಬೇಸ್ ಸಾಲದೆನಿಸುವುದು ಕಿವಿಯ ಗುಣ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಅದನ್ನು ಅಳೆದು ತೋರಿಸಿದರು. ರಾತ್ರಿ 10ರ ಮೇಲೆ ವಾಲ್ಯೂಮ್ ತಗ್ಗಿಸುವುದು ಕಾನೂನೂ ಹೌದು, ನೆರೆಹೊರೆಯ ಮರ್ಯಾದೆಯೂ ಹೌದು. ಆಗ ಲೌಡ್‌ನೆಸ್ ಗುಂಡಿ ಒತ್ತಲು ಸಂಕೋಚಪಡಬೇಡಿ. ಹಗಲಿನಲ್ಲಿ ಅದನ್ನು ಆರಿಸಲು ಮರೆಯಬೇಡಿ.

ಹಂತ 8: ಟಿವಿಯ ಮಾತು ಹಿರಿಯರಿಗೆ ಕೇಳಬೇಕಾದರೆ

ಸಿನಿಮಾ, ಧಾರಾವಾಹಿಗಳ ಸಂಗೀತ ಅಬ್ಬರಿಸಿ ಮಾತು ಕೇಳದಿರುವಾಗ ಅಜ್ಜ ಅಜ್ಜಿಯರು ವಾಲ್ಯೂಮ್ ಏರಿಸುತ್ತಾರೆ, ಉಳಿದವರು ಇಳಿಸುತ್ತಾರೆ. ವ್ಯಂಜನಗಳ ಸ್ಪಷ್ಟತೆ ಬಹುಮಟ್ಟಿಗೆ 1000ದಿಂದ 4000 ಹರ್ಟ್ಸ್‌ನ ನಡುವೆ ಇದೆ. ಟಿವಿಯ ಧ್ವನಿ ಸೆಟ್ಟಿಂಗಿನಲ್ಲಿ ಕೃತಕ ಸರೌಂಡ್ ಆರಿಸಿ, ನೈಟ್ ಮೋಡ್ ಅಥವಾ ಕ್ಲಿಯರ್ ವಾಯ್ಸ್ ಹಾಕಿ, ಬೇಸನ್ನು ಎರಡು ಮೂರು ಹೆಜ್ಜೆ ಇಳಿಸಿ. ಎರಡು ಸ್ಪೀಕರ್ ಮಾತ್ರ ಇರುವವರು ಟಿವಿಯ ಡಿಜಿಟಲ್ ಔಟ್‌ಪುಟನ್ನು ಪಿಸಿಎಂ (ಸರೌಂಡ್ ಸಂಕೇತವಿಲ್ಲದ ಸಾದಾ ಧ್ವನಿ) ಎಂದು ಆರಿಸಿಕೊಳ್ಳಲಿ. ಬ್ಲೂಟೂತ್‌ನಿಂದ ಜೋಡಿಸಿದ್ದರೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಆಪ್ಟಿಕಲ್ ಅಥವಾ ಎಚ್‌ಡಿಎಂಐ ತಂತಿಯೇ ಮೇಲು. ಎಲ್ಲರಿಗಿಂತ ಕಿವಿ ಮಂದವಾದವರ ಕುರ್ಚಿಯನ್ನು ಸ್ಪೀಕರಿಗೆ ನಾಲ್ಕು ಅಡಿ ಹತ್ತಿರ ಮಾಡಿದರೆ ಈ ಎಲ್ಲ ಸೆಟ್ಟಿಂಗುಗಳಿಗಿಂತ ಹೆಚ್ಚಿನ ಪ್ರಯೋಜನವಾಗುತ್ತದೆ. ಫ್ಯಾನಿನ ವೇಗ ಒಂದು ಹೆಜ್ಜೆ ಇಳಿಸುವುದೂ ಹಾಗೆಯೇ.

ಹಂತ 9: ಇನ್ನೂ ಕೊಳ್ಳಬೇಕೆನಿಸಿದರೆ

ಆಂಪ್ಲಿಫೈಯರಿನ ವ್ಯಾಟ್ ಎರಡರಷ್ಟಾದರೆ ಧ್ವನಿ ಏರುವುದು ಮೂರೇ ಡೆಸಿಬೆಲ್, ಎಂದರೆ ಕಿವಿಗೆ ‘ಸ್ವಲ್ಪ ಹೆಚ್ಚಾಯಿತು’ ಅನ್ನಿಸುವಷ್ಟು. 50 ವ್ಯಾಟಿನಿಂದ 100ಕ್ಕೆ ಹೋಗಲು ಹಣ ಸುರಿಯುವ ಬದಲು ಅದೇ ಹಣವನ್ನು ಸ್ಪೀಕರಿಗೆ ಸೇರಿಸಿ. ಹನ್ನೆರಡು ಅಡಿ ಅಗಲದ ಹಾಲ್‌ಗೆ ಐದರಿಂದ ಆರೂವರೆ ಅಂಗುಲ ವೂಫರಿನ ಬುಕ್‌ಶೆಲ್ಫ್ ಜೋಡಿಯೇ ಸರಿಯಾದ ಅಳತೆ ಎಂಬುದು ನನ್ನ ಅಭಿಪ್ರಾಯ. ಟವರ್ ಸ್ಪೀಕರ್ ನೋಡಲು ಗಂಭೀರ, ಆದರೆ ಇಂಥ ಕಡೆ ಅದರ ಕೆಳಸ್ವರಕ್ಕೆ ಕಡಿವಾಣ ಹಾಕುವುದರಲ್ಲೇ ಆಯುಷ್ಯ ಕಳೆಯುತ್ತದೆ. ಗೋಡೆಗೆ ಹತ್ತಿರ ಇಡಲೇಬೇಕಾದವರು ಬೇಸ್ ರಂಧ್ರ ಹಿಂದಿರುವುದಕ್ಕಿಂತ ಮುಂದಿರುವ ಅಥವಾ ಪೂರ್ತಿ ಮುಚ್ಚಿದ ಪೆಟ್ಟಿಗೆಯನ್ನು ಆರಿಸಿಕೊಳ್ಳಲಿ. ಸ್ಟ್ಯಾಂಡ್ ಇಡಲು ಜಾಗವೇ ಇಲ್ಲದ ಮನೆಗೆ ಪ್ರತ್ಯೇಕ ನಡು ಚಾನಲ್ ಇರುವ ಸೌಂಡ್‌ಬಾರ್ ತರುವುದರಲ್ಲಿ ನಾಚಿಕೆಯೇನಿಲ್ಲ.

ಬೆಂಗಳೂರಿನ ಅಂಗಡಿಯ ಕೇಳುವ ಕೋಣೆಯಲ್ಲಿ ನೆಲಕ್ಕೆ ಕಾರ್ಪೆಟ್, ಗೋಡೆಗೆ ಹಲಗೆ, ಸ್ಪೀಕರಿನ ಸುತ್ತ ಬೇಕಾದಷ್ಟು ಜಾಗ ಎಲ್ಲವೂ ಇರುತ್ತವೆ. ಅಲ್ಲಿ ಕೇಳಿ ಮೆಚ್ಚಿದ್ದು ಮನೆಯಲ್ಲಿ ಹಾಗೆಯೇ ಕೇಳಿಸಬೇಕೆಂದಿಲ್ಲ. ವಾರದೊಳಗೆ ಹಿಂದಿರುಗಿಸಲು ಒಪ್ಪುವ ಅಂಗಡಿಯನ್ನೇ ಹುಡುಕಿ, ಒಪ್ಪಿದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮನೆಗೆ ತಂದ ಜೋಡಿಯನ್ನು ನೆಲದ ಮೇಲಿನ ಟೇಪ್ ಗುರುತಿನಲ್ಲೇ ಇಟ್ಟು, ಹಳೆಯದರ ವಾಲ್ಯೂಮಿಗೆ ಸಮ ಮಾಡಿಕೊಂಡು, ಮೊದಲು ವಾರ್ತೆ, ಆಮೇಲೆ ಮೃದಂಗ ಹಾಕಿ ಕೇಳಿ.